ಹಳೆಯ ಪ್ರೊಸೆಸರಿನ ವೇಗವರ್ಧನೆ

ಹೊಸ ಕಂಪ್ಯೂಟರನ್ನು ಕೊಳ್ಳುವ ಅನುಕೂಲವಿಲ್ಲದೆ, ಮನೆಯಲ್ಲಿರುವ ಹದಿನೈದು ವರ್ಷದ ಡೆಸ್ಕ್‌ಟಾಪ್ ಯಂತ್ರದಿಂದಲೇ ಕೆಲಸ ಸಾಗಿಸುತ್ತಿರುವ ವಿದ್ಯಾರ್ಥಿಗಳು ನಮ್ಮ ನಾಡಿನಲ್ಲಿ ಬಹುಮಂದಿ ಇದ್ದಾರೆ. ಅಂಥವರ ಮನಸ್ಸಿನಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳದೆ ಇರದು: ಯಂತ್ರದ ಪ್ರೊಸೆಸರನ್ನು ಅದರ ತಯಾರಕರು ಗೊತ್ತುಮಾಡಿರುವ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸಲು ಸಾಧ್ಯವೆ? ಸಾಧ್ಯವಾದರೆ ಅದು ಕ್ಷೇಮವೆ? ಓವರ್‌ಕ್ಲಾಕಿಂಗ್ ಎಂದು ಪ್ರಸಿದ್ಧವಾಗಿರುವ ಈ ಕ್ರಿಯೆಯನ್ನು ನಾವು ವೇಗವರ್ಧನೆ ಎಂದು ಕರೆಯೋಣ. ಇದರ ವಿಷಯದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಯಂತ್ರ ಸುಟ್ಟುಹೋದೀತೆಂದು ಹಿರಿಯರು ಹೆದರಿಸುತ್ತಾರೆ. ಪುಕ್ಕಟೆಯಾಗಿ ದೊರೆಯುವ ವೇಗವನ್ನು ಬಿಡುವುದೇಕೆಂದು ಗೆಳೆಯರು ಹುರಿದುಂಬಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ಎರಡು ಪಕ್ಷದವರೂ ಅಪಾಯವನ್ನು ಅದು ಇಲ್ಲದ ಸ್ಥಳದಲ್ಲಿ ಹುಡುಕುತ್ತಿದ್ದಾರೆ. ಪ್ರೊಸೆಸರು ಸುಟ್ಟುಹೋಗುವ ಸಂಭವ ಕಡಿಮೆ. ಅದು ಸುಡದೆ, ನಿಲ್ಲದೆ, ಯಾವ ಸೂಚನೆಯನ್ನೂ ಕೊಡದೆ ತಪ್ಪು ಉತ್ತರವನ್ನು ಕೊಡಲಾರಂಭಿಸುವ ಸಂಭವವೇ ಹೆಚ್ಚು. ಅದೇ ಹೆಚ್ಚು ಭಯಂಕರವಾದದ್ದು.

ಈ ಮಾತು ಸ್ಪಷ್ಟವಾಗಬೇಕಾದರೆ ಪ್ರೊಸೆಸರಿನ ವೇಗವೆಂದರೆ ಏನೆಂಬುದನ್ನು ಮೊದಲು ತಿಳಿಯಬೇಕು. ಪ್ರತಿಯೊಂದು ಮದರ್‌ಬೋರ್ಡಿನ ಮೇಲೂ ಒಂದು ಚಿಕ್ಕ ಸ್ಫಟಿಕವಿರುತ್ತದೆ. ನಾವು ಮಾತನಾಡುತ್ತಿರುವ ಕಾಲದ ಯಂತ್ರಗಳಲ್ಲಿ ಅದು ಸೆಕೆಂಡಿಗೆ ಸುಮಾರು 1 ಕೋಟಿ 43 ಲಕ್ಷ ಸಲ ಕಂಪಿಸುತ್ತದೆ. ಈ ಕಂಪನವನ್ನು ಆಧಾರವಾಗಿಟ್ಟುಕೊಂಡು ಬೇರೊಂದು ಮಂಡಲವು ಇನ್ನೂ ಶೀಘ್ರವಾದ ತಾಳವನ್ನು ಸೃಷ್ಟಿಸುತ್ತದೆ. ಪ್ರೊಸೆಸರು ಆ ತಾಳವನ್ನು ಒಂದು ಗುಣಕದಿಂದ ಹೆಚ್ಚಿಸಿಕೊಂಡು ತನ್ನ ಕೆಲಸವನ್ನು ನಡೆಸುತ್ತದೆ. ಇಂಟೆಲ್ ಸಂಸ್ಥೆ 2007ರ ಜನವರಿಯಲ್ಲಿ ಮಾರುಕಟ್ಟೆಗೆ ತಂದ ಕೋರ್ 2 ಕ್ವಾಡ್ ಕ್ಯೂ6600 ಎಂಬ ಪ್ರೊಸೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಮೂಲತಾಳ 266 ಮೆಗಾಹರ್ಟ್ಸ್, ಗುಣಕ 9. ಎರಡನ್ನೂ ಗುಣಿಸಿದರೆ ಸುಮಾರು 2400 ಮೆಗಾಹರ್ಟ್ಸ್, ಅರ್ಥಾತ್ 2.4 ಗಿಗಾಹರ್ಟ್ಸ್ ಆಗುತ್ತದೆ. ಗುಣಕವನ್ನು ಮೇಲಕ್ಕೆ ಏರಿಸದಂತೆ ತಯಾರಕರು ಬೀಗ ಹಾಕಿದ್ದಾರೆ. ಆದರೆ ಮೂಲತಾಳವನ್ನು 266ರಿಂದ 333ಕ್ಕೆ ಏರಿಸಿದರೆ ಅದೇ ಪ್ರೊಸೆಸರು 3.0 ಗಿಗಾಹರ್ಟ್ಸಿನಲ್ಲಿ ಓಡುತ್ತದೆ. ವೇಗವರ್ಧನೆಯೆಂದರೆ ಇಷ್ಟೇ.

ಇದರ ಪರಿಣಾಮವನ್ನು ನಮ್ಮ ಹಳ್ಳಿಗಳ ಕೋಲಾಟದಿಂದ ಚೆನ್ನಾಗಿ ಊಹಿಸಿಕೊಳ್ಳಬಹುದು. ಹಾಡುವವನು ತಾಳವನ್ನು ತೀವ್ರಗೊಳಿಸಿದಂತೆ ಆಟಗಾರರೂ ಚುರುಕಾಗುತ್ತಾರೆ. ಎಲ್ಲರೂ ಒಂದೇ ಚುರುಕಿನವರಲ್ಲ. ಒಂದು ಹಂತದಲ್ಲಿ, ಗುಂಪಿನಲ್ಲಿ ಅತ್ಯಂತ ನಿಧಾನವಾದವನ ಕೋಲು ತಾಳ ಬೀಳುವ ಹೊತ್ತಿಗೆ ಇನ್ನೂ ಗಾಳಿಯಲ್ಲಿಯೇ ಇರುತ್ತದೆ. ಪ್ರೊಸೆಸರಿನಲ್ಲಿಯೂ ಹೀಗೆಯೇ. ಕ್ಯೂ6600ರ ಒಳಗೆ 58 ಕೋಟಿಗಿಂತ ಹೆಚ್ಚು ಟ್ರಾನ್ಸಿಸ್ಟರುಗಳಿವೆ. ಒಂದು ತಾಳ ಬಿದ್ದಾಗ ಹೊರಟ ವಿದ್ಯುತ್ ಸಂಕೇತವು ಇವುಗಳಲ್ಲಿ ಹಲವನ್ನು ಸಾಲಾಗಿ ದಾಟಿ, ಮುಂದಿನ ತಾಳ ಬೀಳುವುದರೊಳಗಾಗಿ ತನ್ನ ನೆಲೆಯನ್ನು ಸೇರಿ ಸ್ಥಿರವಾಗಿ ನಿಂತಿರಬೇಕು. 2.4 ಗಿಗಾಹರ್ಟ್ಸಿನಲ್ಲಿ ಅದಕ್ಕೆ ದೊರೆಯುವ ಕಾಲ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ 0.42ರಷ್ಟು, 3 ಗಿಗಾಹರ್ಟ್ಸಿನಲ್ಲಿ 0.33ರಷ್ಟು. ಈ ಎರಡನೆಯ ಅವಧಿಯಲ್ಲಿ ಬೆಳಕೇ ಚಲಿಸಬಲ್ಲ ದೂರ 10 ಸೆಂಟಿಮೀಟರು ಮಾತ್ರ! ಸಂಕೇತವು ತಡವಾಗಿ ಬಂದರೆ 1 ಇರಬೇಕಾದ ಕಡೆ 0 ದಾಖಲಾಗುತ್ತದೆ. ಯಂತ್ರಕ್ಕೆ ಅದರ ಅರಿವೇ ಇರುವುದಿಲ್ಲ. ಸೊನ್ನೆಯೂ ಒಂದು ಉತ್ತರವೇ ಅಲ್ಲವೆ?

ಹಾಗಾದರೆ ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಮೇಲೆ ಓಡುವ ಶಕ್ತಿ ಪ್ರೊಸೆಸರಿಗೆ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳು ಒಂದರಂತೆ ಒಂದು ಇರುವುದಿಲ್ಲ. ತಯಾರಕರು ಅವನ್ನು ಪರೀಕ್ಷಿಸಿ, ಕೆಟ್ಟ ಸೆಕೆಯಲ್ಲಿಯೂ ಬಹು ವರ್ಷಗಳ ಬಳಕೆಯಲ್ಲಿಯೂ ತಪ್ಪದಂತಹ ವೇಗವನ್ನು ಮುದ್ರೆಯೊತ್ತುತ್ತಾರೆ. ಮುದ್ರೆಗೂ ನಿಜವಾದ ಶಕ್ತಿಗೂ ನಡುವೆ ಒಂದು ಅಂತರ ಉಳಿದಿರುತ್ತದೆ. ಒಮ್ಮೊಮ್ಮೆ ಪೇಟೆಯಲ್ಲಿ ಅಗ್ಗದ ಮಾಲಿಗೆ ಬೇಡಿಕೆ ಹೆಚ್ಚಿದಾಗ ಒಳ್ಳೆಯ ಚಿಪ್ಪಿಗೂ ಕಡಿಮೆ ವೇಗದ ಮುದ್ರೆ ಬೀಳುತ್ತದೆ. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರು ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ ಮೂಲತಾಳ 66 ಮೆಗಾಹರ್ಟ್ಸ್, ಗುಣಕ ನಾಲ್ಕೂವರೆ. ತಾಳವನ್ನು 100ಕ್ಕೆ ಏರಿಸಿದೊಡನೆ 300 ಮೆಗಾಹರ್ಟ್ಸಿನ ಆ ಚಿಪ್ಪು 450ರಲ್ಲಿ ಓಡಿ, ತನಗಿಂತ ಹಲವು ಪಾಲು ಬೆಲೆಯ ಪೆಂಟಿಯಂ 2ಕ್ಕೆ ಸರಿಸಾಟಿಯಾಗಿ ನಿಂತಿತು. ಅಂದಿನ ತರುಣರು ಇದನ್ನು ಹಬ್ಬದಂತೆ ಆಚರಿಸಿದರೆಂದರೆ ಆಶ್ಚರ್ಯವಿಲ್ಲ. ಅಂತರವಿರುವುದು ದಿಟ. ಆದರೆ ಅದು ನಮ್ಮ ಕೈಯಲ್ಲಿರುವ ಚಿಪ್ಪಿನಲ್ಲಿ ಎಷ್ಟಿದೆಯೆಂಬುದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ನಾವೇ ಅಳೆದು ಕಂಡುಕೊಳ್ಳಬೇಕು.

ಈಗ ಶಾಖದ ವಿಷಯ. ಕ್ಯೂ6600ರ ಎರಡನೆಯ ಆವೃತ್ತಿಗೆ ತಯಾರಕರು ಹೇಳಿರುವ ಶಾಖದ ಪ್ರಮಾಣ 95 ವ್ಯಾಟು. ಇದು ದೊಡ್ಡದೇನೂ ಅಲ್ಲವೆಂದು ತೋರಬಹುದು. ಆದರೆ ಅದು ಹುಟ್ಟುವ ಸಿಲಿಕಾನಿನ ವಿಸ್ತೀರ್ಣ ಮೂರು ಚದರ ಸೆಂಟಿಮೀಟರಿಗಿಂತ ಕಡಿಮೆ. ಎಂದರೆ ಚದರ ಸೆಂಟಿಮೀಟರಿಗೆ 30 ವ್ಯಾಟಿಗಿಂತ ಹೆಚ್ಚು. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ತಳ ಇನ್ನೂರು ಚದರ ಸೆಂಟಿಮೀಟರು ಎಂದಿಟ್ಟುಕೊಂಡರೆ ಅಲ್ಲಿ ಇರುವುದು ಐದು ವ್ಯಾಟು ಮಾತ್ರ. ಪ್ರೊಸೆಸರಿನ ಈ ಶಾಖ ಏರುವ ನಿಯಮವನ್ನು ವಿದ್ಯಾರ್ಥಿಗಳು ಚೆನ್ನಾಗಿ ನೆನಪಿಡಬೇಕು. ತಾಳದ ವೇಗ ಹೆಚ್ಚಿದಂತೆ ಅದು ಅದೇ ಪ್ರಮಾಣದಲ್ಲಿ ಏರುತ್ತದೆ. ಆದರೆ ವೋಲ್ಟೇಜು ಹೆಚ್ಚಿದಂತೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ವೋಲ್ಟೇಜನ್ನು ಮುಟ್ಟದೆ 2.4ರಿಂದ 3.0 ಗಿಗಾಹರ್ಟ್ಸಿಗೆ ಹೋದರೆ ಶಾಖ ಕಾಲುಭಾಗ ಹೆಚ್ಚುತ್ತದೆ, ಅಷ್ಟೆ. ಅಲ್ಲಿಗೂ ತೃಪ್ತಿಯಾಗದೆ 3.6 ಗಿಗಾಹರ್ಟ್ಸಿಗೆ ಹೋಗಲೆಂದು ವೋಲ್ಟೇಜನ್ನು 1.25ರಿಂದ 1.45ಕ್ಕೆ ಏರಿಸಿದವರ ಲೆಕ್ಕವನ್ನು ನೋಡಿ. ವೇಗ ಒಂದೂವರೆ ಪಾಲು. ವೋಲ್ಟೇಜಿನ ಅನುಪಾತ 1.16, ಅದರ ವರ್ಗ ಸುಮಾರು 1.35, ಇವೆರಡನ್ನೂ ಗುಣಿಸಿದರೆ ಎರಡು ಪಾಲು ಶಾಖ. ಅರ್ಧಪಾಲು ವೇಗಕ್ಕಾಗಿ ಇಡೀ ಒಂದು ಪಾಲು ಶಾಖವನ್ನು ತೆತ್ತಂತಾಯಿತು.

ಅಷ್ಟಕ್ಕೇ ಮುಗಿಯುವುದಿಲ್ಲ. ಚಿಪ್ಪಿನೊಳಗಿನ ಸೂಕ್ಷ್ಮವಾದ ಲೋಹದ ತಂತಿಗಳಲ್ಲಿ ಪ್ರವಾಹವು ಬಲವಾಗಿ ಹರಿದಾಗ ಇಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನೇ ಮೆಲ್ಲಮೆಲ್ಲನೆ ತಳ್ಳಿಕೊಂಡು ಹೋಗುತ್ತವೆ. ಹೊಳೆ ತನ್ನ ದಂಡೆಯ ಮಣ್ಣನ್ನು ಕೊರೆಯುವಂತೆ. ಪ್ರವಾಹ ಮತ್ತು ಉಷ್ಣತೆ ಹೆಚ್ಚಿದಂತೆ ತಂತಿಯ ಆಯುಸ್ಸು ಹೇಗೆ ಕುಗ್ಗುತ್ತದೆಂಬುದನ್ನು ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ 1960ರ ದಶಕದ ಕೊನೆಯಲ್ಲಿಯೇ ಸಮೀಕರಣದ ರೂಪದಲ್ಲಿ ತೋರಿಸಿದನು. ಆದಕಾರಣ ಹಳೆಯ ಪ್ರೊಸೆಸರಿನ ವೇಗವರ್ಧನೆಯಲ್ಲಿ ನಮ್ಮ ಖಚಿತವಾದ ಅಭಿಪ್ರಾಯ ಇದು: ತಾಳವನ್ನು ಏರಿಸಿ, ವೋಲ್ಟೇಜನ್ನು ಮುಟ್ಟಬೇಡಿ. ಇದ್ದ ವೋಲ್ಟೇಜಿನಲ್ಲಿ ಎಷ್ಟು ದೂರ ಹೋಗಬಹುದೋ ಅಲ್ಲಿಗೆ ನಿಲ್ಲಿಸುವುದು ಜಾಣತನ. ದ್ರವರೂಪದ ಹೀಲಿಯಂ ಸುರಿದು, ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಶೈತ್ಯದಲ್ಲಿ, 2011ರಲ್ಲಿ ಎಎಮ್‌ಡಿ ಎಫ್‌ಎಕ್ಸ್ ಪ್ರೊಸೆಸರನ್ನು 8.4 ಗಿಗಾಹರ್ಟ್ಸಿನ ಆಚೆಗೆ ಓಡಿಸಿದ ಸಾಹಸಿಗಳಿದ್ದಾರೆ. ಅದು ಸರ್ಕಸ್ಸು. ನೋಡಿ ಆನಂದಿಸಬೇಕು, ಮನೆಯಲ್ಲಿ ಮಾಡಬಾರದು.

ಇನ್ನು ತಪ್ಪು ಉತ್ತರದ ಮಾತಿಗೆ ಬರೋಣ. ನಮ್ಮದೇ ಅನುಭವವೊಂದನ್ನು ಹೇಳುವುದರಲ್ಲಿ ನಾಚಿಕೆಪಡಬೇಕಾದದ್ದಿಲ್ಲ. ಕೆಲವು ವರ್ಷಗಳ ಹಿಂದೆ ಇಂತಹದೇ ಒಂದು ಯಂತ್ರವನ್ನು ವೋಲ್ಟೇಜನ್ನು ಸ್ವಲ್ಪ ಏರಿಸಿ 3.2 ಗಿಗಾಹರ್ಟ್ಸಿಗೆ ಒಯ್ದೆವು. ಚಲನಚಿತ್ರ ಸರಾಗವಾಗಿ ಓಡಿತು, ಆಟಗಳು ಓಡಿದವು, ನಾಲ್ಕಾರು ದಿನ ಯಾವ ತೊಂದರೆಯೂ ಕಾಣಲಿಲ್ಲ. ಉತ್ಸಾಹದಿಂದ ಮನೆಯವರ ಸಾವಿರಾರು ಛಾಯಾಚಿತ್ರಗಳನ್ನು ಸಂಕೋಚಿಸಿ ಒಂದೇ ಕಡತದಲ್ಲಿ ಕಟ್ಟಿಟ್ಟೆವು. ಜಾಗ ಉಳಿಸುವ ಆಸೆಯಿಂದ ಮೂಲಪ್ರತಿಗಳನ್ನು ಅಳಿಸಿಬಿಟ್ಟೆವು. ಎಂಟು ತಿಂಗಳ ಮೇಲೆ ಆ ಕಡತವನ್ನು ಬಿಚ್ಚಲು ಹೋದಾಗ ನಡುನಡುವೆ ಹಲವು ಚಿತ್ರಗಳು ಮೊತ್ತ ತಾಳೆಯಾಗದೆ ಕೆಟ್ಟಿದ್ದುವು. ಅವುಗಳಲ್ಲಿ ಒಂದು ಮದುವೆಯ ಚಿತ್ರಗಳೂ ಇದ್ದುವು. ಯಂತ್ರವು ಕಟ್ಟಿದ ದಿನವೇ ತಪ್ಪು ಮಾಡಿತ್ತು, ಹೇಳಿರಲಿಲ್ಲ. ಅದು ಅಂದೇ ಸುಟ್ಟುಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು! ಕಳೆದುಕೊಳ್ಳುತ್ತಿದ್ದುದು ಪ್ರೊಸೆಸರು ಮಾತ್ರ.

ಇದು ನಮ್ಮೊಬ್ಬರ ದುರದೃಷ್ಟವೆಂದು ತಿಳಿಯಬಾರದು. ಮೈಕ್ರೋಸಾಫ್ಟ್ ಸಂಸ್ಥೆಯ ರೇಮಂಡ್ ಚೆನ್ ಎಂಬ ತಜ್ಞರು 2005ರಲ್ಲಿ ಬರೆದ ಸಂಗತಿಯೊಂದು ಬಹಳ ಸ್ವಾರಸ್ಯವಾಗಿದೆ. ಬಳಕೆದಾರರ ಯಂತ್ರಗಳು ಕೆಟ್ಟು ನಿಂತಾಗ ಕಳಿಸುವ ವರದಿಗಳನ್ನು ಪರಿಶೀಲಿಸುತ್ತಿದ್ದಾಗ ಅವರಿಗೆ, ಪ್ರೊಸೆಸರಿನೊಳಗಿನ ಒಂದು ಅಂಕಣವನ್ನು ಸೊನ್ನೆಮಾಡುವ ಆಜ್ಞೆಯಲ್ಲಿಯೇ ಯಂತ್ರ ಎಡವಿದ್ದುದು ಕಂಡಿತು. ಆ ಆಜ್ಞೆ ನೆನಪಿನ ಕೋಶವನ್ನು ಮುಟ್ಟುವುದಿಲ್ಲ, ಭಾಗಾಕಾರ ಮಾಡುವುದಿಲ್ಲ. ಅದು ತಪ್ಪುವುದಕ್ಕೆ ಕಾರಣವೇ ಇಲ್ಲ. ವಿಚಾರಿಸಿದಾಗ ಇಂತಹ ಯಂತ್ರಗಳಲ್ಲಿ ಬಹಳಷ್ಟು ವೇಗವರ್ಧನೆಗೆ ಒಳಗಾದವೆಂದು ತಿಳಿಯಿತು. ಕೆಲವರಿಗಂತೂ ಅಂಗಡಿಯವನೇ ಹೇಳದೆ ಕೇಳದೆ ಹಾಗೆ ಮಾಡಿ ಮಾರಿದ್ದನು. ಅದೇ ಸಂಸ್ಥೆಯ ಸಂಶೋಧಕರು ಸುಮಾರು ಹತ್ತು ಲಕ್ಷ ಮನೆಬಳಕೆಯ ಯಂತ್ರಗಳ ವರದಿಗಳನ್ನು ವಿಶ್ಲೇಷಿಸಿ 2011ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ವೇಗ ಹೆಚ್ಚಿಸಿದ ಯಂತ್ರಗಳು ಕೆಡುವ ಸಂಭವ ಗಣನೀಯವಾಗಿ ಹೆಚ್ಚೆಂದು ತೋರಿಸಿದರು. ನಿಗದಿಗಿಂತ ಕಡಿಮೆ ವೇಗದಲ್ಲಿ ಓಡುತ್ತಿದ್ದ ಯಂತ್ರಗಳು ಉಳಿದವುಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾಗಿದ್ದುವೆಂಬುದನ್ನೂ ಕಂಡರು.

ಹೀಗಿದ್ದರೂ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಾಕಬಾರದೆಂದು ನಾವು ಹೇಳುವುದಿಲ್ಲ. ಹೇಳುವುದಕ್ಕೆ ಬದಲು, ಮಾಡಿ ಎಂದೇ ಹೇಳುತ್ತೇವೆ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಉತ್ತರ ಮೊದಲೇ ಗೊತ್ತಿರುವ ಪ್ರಯೋಗಗಳನ್ನು ಮಾಡಿ ಬೇಸರಪಟ್ಟವರಿಗೆ ಇಲ್ಲಿ ಉತ್ತರ ಗೊತ್ತಿಲ್ಲದ ಪ್ರಯೋಗವೊಂದು ಕಾದಿದೆ. ಹಳೆಯ ಯಂತ್ರಕ್ಕೆ ಖಾತರಿಯ ಅವಧಿ ಎಂದೋ ಮುಗಿದಿರುತ್ತದೆ, ಬೆಂಗಳೂರಿನ ಎಸ್. ಪಿ. ರಸ್ತೆಯಂತಹ ಕಡೆಗಳಲ್ಲಿ ಅದೇ ಪ್ರೊಸೆಸರು ಎರಡನೆಯ ಕೈಯಲ್ಲಿ ಅಗ್ಗವಾಗಿ ದೊರೆತೀತು. ಕಳೆದುಕೊಳ್ಳುವುದು ಕಡಿಮೆ. ಆದರೆ ಯಂತ್ರವು ತಮ್ಮ ಸ್ವಂತದ್ದಾಗಿರಬೇಕು. ಶಾಲೆಯ ಯಂತ್ರ, ತಂದೆಯವರು ಲೆಕ್ಕಪತ್ರ ಇಡುವ ಯಂತ್ರ, ಇವು ಸಲ್ಲವು. ಅದರಲ್ಲಿ ಬೇಕಾದ ಕಡತ ಒಂದೂ ಇರಕೂಡದು. ಎಲ್ಲವನ್ನೂ ಬೇರೆಡೆಗೆ ಸಾಗಿಸಿ ಬಳಿಕ ಆರಂಭಿಸಬೇಕು.

ಆರಂಭವೆಂದರೆ ಗುಡಿಸುವ ಕೆಲಸ. ಶಾಖಹೀರಕದ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿರುವ ಧೂಳನ್ನು ತೆಗೆಯಬೇಕು. ಪ್ರೊಸೆಸರಿಗೂ ಹೀರಕಕ್ಕೂ ನಡುವೆ ಒಣಗಿ ಪುಡಿಯಾಗಿರುವ ಶಾಖಲೇಪವನ್ನು ಒರೆಸಿ ಹೊಸದನ್ನು ತೆಳುವಾಗಿ ಹಚ್ಚಬೇಕು. ಮದರ್‌ಬೋರ್ಡಿನ ಮೇಲಿನ ದುಂಡನೆಯ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅಥವಾ ರಸ ಒಸರಿದ್ದರೆ ಪ್ರಯೋಗವನ್ನು ಅಲ್ಲಿಗೇ ಬಿಡಬೇಕು. ಅದು ಮುಪ್ಪಿನ ಗುರುತು; ಅಂತಹ ಯಂತ್ರದ ಮೇಲೆ ಹೆಚ್ಚಿನ ಹೊರೆ ಹೊರಿಸಬಾರದು. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಕೂಡದು. ತಂತಿಯನ್ನು ಕಿತ್ತ ಬಳಿಕವೂ ಅದರೊಳಗೆ 300 ವೋಲ್ಟಿಗೆ ಮೇಲ್ಪಟ್ಟ ವಿದ್ಯುತ್ತು ಸಂಗ್ರಹವಾಗಿ ಉಳಿದಿರಬಹುದು. ಈ ಇಡೀ ಕಾರ್ಯದಲ್ಲಿ ಮನುಷ್ಯನ ಜೀವಕ್ಕೆ ಅಪಾಯವಿರುವುದು ಅದೊಂದೇ ಕಡೆ.

ಬಳಿಕ, ಏನನ್ನೂ ಬದಲಾಯಿಸದೆ, ಯಂತ್ರದ ಸಹಜ ಸ್ಥಿತಿಯನ್ನು ಅಳೆದು ಬರೆದಿಡಬೇಕು. ಸುಮ್ಮನಿರುವಾಗಿನ ಉಷ್ಣತೆ, ಪೂರ್ಣ ಕೆಲಸದಲ್ಲಿನ ಉಷ್ಣತೆ, ಕೋಣೆಯ ಉಷ್ಣತೆ, ವೋಲ್ಟೇಜು. ಮೂಲತಾಳವನ್ನು ಬದಲಾಯಿಸುವುದು ಬಯೋಸ್ ಎಂಬ ಆರಂಭಿಕ ವ್ಯವಸ್ಥೆಯ ಪುಟಗಳಲ್ಲಿ. ಕಚೇರಿಗಳಿಗೆಂದು ದೊಡ್ಡ ಸಂಸ್ಥೆಗಳು ಮಾರಿದ ಯಂತ್ರಗಳಲ್ಲಿ ಈ ಸೌಕರ್ಯವೇ ಇರುವುದಿಲ್ಲ. ಆ ಓದುಗರಿಗೆ ಪ್ರಯೋಗ ಇಲ್ಲಿಗೆ ಮುಗಿಯಿತೆಂದು ಹೇಳಲು ವಿಷಾದವಾಗುತ್ತದೆ. 2007ರಲ್ಲಿ ಬಂದ ಪಿ35 ಚಿಪ್‌ಸೆಟ್ಟಿನ ಬೋರ್ಡುಗಳು ಅನುಕೂಲವಾದುವು, ಏಕೆಂದರೆ 333ರ ತಾಳ ಆ ಚಿಪ್‌ಸೆಟ್ಟಿಗೆ ಹೊಸದಲ್ಲ. ತಯಾರಕರೇ ಅದಕ್ಕೆ ಒಪ್ಪಿಗೆಯಿತ್ತಿದ್ದಾರೆ. ಪಿಸಿಐ ಎಕ್ಸ್‌ಪ್ರೆಸ್ಸಿನ ತಾಳವನ್ನು 100ಕ್ಕೆ ಕಟ್ಟಿಹಾಕಬೇಕು, ಇಲ್ಲವಾದರೆ ಚಿತ್ರದ ಕಾರ್ಡೂ ಅದರೊಂದಿಗೆ ಓಡಲು ಹೊರಟೀತು. ಸ್ಮೃತಿಯ ಅನುಪಾತವನ್ನು ಒಂದಕ್ಕೊಂದು ಎಂದು ಇಟ್ಟರೆ 333ರ ತಾಳದಲ್ಲಿ ಅದು 667ರ ದರದಲ್ಲಿ ನಡೆಯುತ್ತದೆ; 800ರ ದರಕ್ಕೆ ತಯಾರಾದ ಡಿಡಿಆರ್2 ಸ್ಮೃತಿಗೆ ಅದು ವಿಶ್ರಾಂತಿಯೇ ಸರಿ. ಹೀಗೆ ಉಳಿದೆಲ್ಲವನ್ನೂ ನಿಶ್ಚಲವಾಗಿಟ್ಟು ಒಂದನ್ನೇ ಚಲಿಸುವುದು ಮುಖ್ಯ. ತಾಳವನ್ನು ಹತ್ತು ಮೆಗಾಹರ್ಟ್ಸಿನಂತೆ ಏರಿಸಿ, ಪ್ರತಿ ಮೆಟ್ಟಿಲಿನಲ್ಲಿಯೂ ಪರೀಕ್ಷಿಸಿ, ಬರೆದುಕೊಂಡು, ಮುಂದಿನದಕ್ಕೆ ಹೋಗಬೇಕು. ಯಂತ್ರ ಏಳದೇ ಹೋದರೆ ಹೆದರಬೇಕಾಗಿಲ್ಲ. ಮುಖ್ಯತಂತಿಯನ್ನು ಕಿತ್ತು, ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಅದು ಹಳೆಯ ಸ್ಥಿತಿಗೆ ಬರುತ್ತದೆ.

ಪರೀಕ್ಷೆಯ ವಿಷಯದಲ್ಲಿ ಒಂದು ಸೊಗಸಾದ ಕಥೆಯಿದೆ. ಜಾರ್ಜ್ ವೋಲ್ಟ್‌ಮನ್ ಎಂಬವರು 1996ರಲ್ಲಿ ಬೃಹತ್ತಾದ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಸಾಮೂಹಿಕ ಪ್ರಯತ್ನವೊಂದನ್ನು ಆರಂಭಿಸಿದರು. 2024ರ ಅಕ್ಟೋಬರಿನಲ್ಲಿ ಅದರಿಂದ ದೊರೆತ ಸಂಖ್ಯೆಯಲ್ಲಿ 4 ಕೋಟಿ 10 ಲಕ್ಷಕ್ಕಿಂತ ಹೆಚ್ಚು ಅಂಕೆಗಳಿವೆ. ಮನೆಯ ಪ್ರೊಸೆಸರಿನಲ್ಲಿ ಇಂತಹ ಒಂದು ಲೆಕ್ಕಕ್ಕೆ ವಾರಗಟ್ಟಲೆ ಬೇಕು. ನಡುವೆ ಒಂದು ಅಂಕೆ ತಪ್ಪಿದರೂ ಎಲ್ಲ ಶ್ರಮ ವ್ಯರ್ಥ. ಅದಕ್ಕಾಗಿ ಪ್ರೈಮ್95 ಎಂಬ ಅವರ ಕ್ರಮವಿಧಿಯಲ್ಲಿ, ಉತ್ತರ ಮೊದಲೇ ತಿಳಿದಿರುವ ಲೆಕ್ಕಗಳನ್ನು ಯಂತ್ರಕ್ಕೆ ಕೊಟ್ಟು ತಾಳೆನೋಡುವ ಚಿತ್ರಹಿಂಸೆಯ ಪರೀಕ್ಷೆಯೊಂದನ್ನು ಸೇರಿಸಲಾಗಿದೆ. ಸಂಖ್ಯಾಶಾಸ್ತ್ರದ ಅಭಿಮಾನಿಗಳಿಗೆಂದು ಹುಟ್ಟಿದ ಈ ಸಾಧನ ಇಂದು ವೇಗವರ್ಧಕರೆಲ್ಲರ ಒರೆಗಲ್ಲಾಗಿದೆ. ಹತ್ತು ನಿಮಿಷ ಓಡಿಸಿ ತೃಪ್ತರಾಗುವವರೇ ಹೆಚ್ಚು. ನಮ್ಮ ಮಟ್ಟಿಗೆ ಹನ್ನೆರಡು ಗಂಟೆ ಒಂದೂ ತಪ್ಪಿಲ್ಲದೆ ಓಡಬೇಕು. ಮೆಮ್‌ಟೆಸ್ಟ್ ಎಂಬ ಸ್ಮೃತಿಪರೀಕ್ಷೆ ಇನ್ನೊಂದು ಇರುಳು ನಡೆಯಬೇಕು. ಒಳಗಿನ ಉಷ್ಣತೆ 70 ಡಿಗ್ರಿಯನ್ನು ದಾಟಬಾರದು. ಒಂದೇ ಒಂದು ತಪ್ಪು ಕಂಡರೂ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಕೊನೆಯಲ್ಲಿ, ಎಲ್ಲ ಸರಿಯೆಂದು ತೋರಿದ ಮೇಲೂ, ಇನ್ನೊಂದು ಮೆಟ್ಟಿಲು ಇಳಿದು ನಿಲ್ಲುವುದು ಲೇಸು.

ಇದಕ್ಕೆ ಕಾರಣ ನಮ್ಮ ಹವೆ. ಶಾಖಹೀರಕವು ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಕೋಣೆಗಿಂತ ಇಷ್ಟು ಡಿಗ್ರಿ ಮೇಲೆ ಎಂಬುದಷ್ಟೇ ಅದರ ಹಿಡಿತದಲ್ಲಿದೆ. ಆ ಅಂತರ 35 ಡಿಗ್ರಿ ಎಂದಿಟ್ಟುಕೊಳ್ಳಿ. ಮೈಸೂರಿನಲ್ಲಿ ಜನವರಿಯ ರಾತ್ರಿ 20 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರು 55ರಲ್ಲಿರುತ್ತದೆ. ಅದೇ ಯಂತ್ರ ಮೇ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲಿ 42 ಡಿಗ್ರಿಯ ಕೋಣೆಯಲ್ಲಿ 77ಕ್ಕೆ ಏರುತ್ತದೆ. ಬಿಸಿ ಏರಿದಂತೆ ಸಂಕೇತಗಳು ನಿಧಾನವಾಗುತ್ತವೆ. ಚಳಿಗಾಲದಲ್ಲಿ ಉತ್ತೀರ್ಣವಾದ ಯಂತ್ರ ಬೇಸಗೆಯಲ್ಲಿ ಅನುತ್ತೀರ್ಣವಾಗುತ್ತದೆ. ಶೀತದೇಶಗಳಲ್ಲಿ ಕುಳಿತವರು ಸಾಧಿಸಿದ ಅಂಕೆಗಳನ್ನು ಇಲ್ಲಿ ಕಣ್ಣುಮುಚ್ಚಿ ಅನುಸರಿಸುವುದು ಸರಿಯಲ್ಲ.

ಲಾಭವೆಷ್ಟೆಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಕೇವಲ ಲೆಕ್ಕದಿಂದಲೇ ತುಂಬಿದ ಒಂದು ಗಂಟೆಯ ಕೆಲಸ 48 ನಿಮಿಷಕ್ಕೆ ಇಳಿಯುತ್ತದೆ. ಅದರಲ್ಲಿ ಅರ್ಧ ಹೊತ್ತು ತಟ್ಟೆಯ ಓದುಬರಹಕ್ಕೆ ಕಾಯುವುದಾದರೆ 54 ನಿಮಿಷ. ತಿರುಗುವ ತಟ್ಟೆಯು ಒಂದು ಕಡತವನ್ನು ಹುಡುಕಲು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲವನ್ನು ತೆಗೆದುಕೊಂಡರೆ, ಚಲಿಸುವ ಭಾಗವಿಲ್ಲದ ಎಸ್‌ಎಸ್‌ಡಿ ಅದರ ನೂರನೆಯ ಒಂದು ಪಾಲಿನಲ್ಲಿ ಮುಗಿಸುತ್ತದೆ. ಹಳೆಯ ಯಂತ್ರವನ್ನು ನಿತ್ಯದ ಬಳಕೆಗೆ ಚುರುಕುಗೊಳಿಸುವುದೇ ಉದ್ದೇಶವಾದರೆ ಕೈಯಲ್ಲಿರುವ ಹಣವನ್ನು ಅದಕ್ಕೇ ಹಾಕುವುದು ವಿವೇಕ. ಅಲ್ಲದೆ ಎಷ್ಟು ವೇಗ ಕೊಟ್ಟರೂ ಚಿಪ್ಪಿನಲ್ಲಿ ಇಲ್ಲದ ಆಜ್ಞೆಗಳು ಹುಟ್ಟುವುದಿಲ್ಲ. 2024ರಲ್ಲಿ ಬಂದ ವಿಂಡೋಸ್ 11ರ ಆವೃತ್ತಿ ಬಯಸುವ ಕೆಲವು ಆಜ್ಞೆಗಳು ಕ್ಯೂ6600ರಲ್ಲಿ ಇಲ್ಲ, ಅದು 2.4ರಲ್ಲಿ ಓಡಲಿ, 3.6ರಲ್ಲಿ ಓಡಲಿ, ಆ ಬಾಗಿಲು ತೆರೆಯುವುದಿಲ್ಲ. ಲಿನಕ್ಸಿನ ಮೊರೆಹೋಗುವುದೇ ಅದಕ್ಕೆ ಉಳಿದಿರುವ ಒಳ್ಳೆಯ ದಾರಿ.

ಛಾಯಾಚಿತ್ರಗಳನ್ನು ಕೆಡಿಸಿದ ನಮ್ಮ ಯಂತ್ರ ಈಗಲೂ ಮೇಜಿನ ಕೆಳಗಿದೆ. ವೋಲ್ಟೇಜನ್ನು ಮೊದಲಿನ ಮಟ್ಟಕ್ಕೆ ಇಳಿಸಿ ಮತ್ತೆ ಮೊದಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿದೆವು. ಜನವರಿಯಲ್ಲಿ 333ರ ತಾಳವನ್ನು ಹನ್ನೆರಡು ಗಂಟೆ ತಡೆದುಕೊಂಡಿತು. ಏಪ್ರಿಲ್ ತಿಂಗಳಲ್ಲಿ ಕಿಟಕಿ ಮುಚ್ಚಿ ಪುನಃ ಪರೀಕ್ಷಿಸಿದಾಗ ಐದನೆಯ ಗಂಟೆಯಲ್ಲಿ ನಾಲ್ಕು ಕೋರುಗಳಲ್ಲಿ ಒಂದು ತಪ್ಪು ಉತ್ತರವನ್ನು ಕೊಟ್ಟಿತು. ಉಳಿದ ಮೂರು ಸರಿಯಾಗಿಯೇ ನಡೆದುವು. ಈಗ ಅದನ್ನು 320ಕ್ಕೆ ಇಳಿಸಿ 2.88 ಗಿಗಾಹರ್ಟ್ಸಿನಲ್ಲಿ ಓಡಿಸುತ್ತಿದ್ದೇವೆ. ಚಿತ್ರಗಳನ್ನು ಮಾತ್ರ ಅದರಲ್ಲಿ ಇಡುವುದಿಲ್ಲ.